ಸೊಂಟ ಮುರಿದ ತೊಗರಿ

ತೊಗರಿ ನಮ್ಮ ಮನೆಗೆ ಬಂದದ್ದು ಖಾಲಿ ಯೂರಿಯಾ ಚೀಲದ ಮೇಲೆ ಮಲಗಿಕೊಂಡು. ಶಿವರಾತ್ರಿ ಮುಗಿದು ಬಿಸಿಲು ಬಲಿಯುತ್ತಿದ್ದ ಕಾಲ. ನನ್ನ ಕೆಲಸ ಸುರಪುರದ ಒಂದು ಹೈಸ್ಕೂಲಿನಲ್ಲಿ, ಮನೆ ಶಹಾಪುರದಲ್ಲಿ. ಸಂಜೆ ಬಸ್ಸಿಳಿದು ನಮ್ಮ ಓಣಿಯ ತಿರುವಿಗೆ ಬಂದಾಗ ಚಹಾದಂಗಡಿಯ ಬೆಂಚಿನ ಕೆಳಗೆ ನಾಲ್ಕಾರು ಮಂದಿ ಬಗ್ಗಿ ನೋಡುತ್ತಿದ್ದರು. ಟಂಟಂ ಒಂದರ ಹಿಂದಿನ ಗಾಲಿ ಬೆಕ್ಕಿನ ಬಾಲದ ಮೇಲೆ ಹತ್ತಿತ್ತಂತೆ. ಬಾಲ ಗಾಲಿಯ ಕೆಳಗೆ ಸಿಕ್ಕಿರುವಾಗಲೇ ಅದು ಜೀವ ಉಳಿಸಿಕೊಳ್ಳಲು ಮುಂದಕ್ಕೆ ಜಿಗಿದಿತ್ತು, ಮರುಗಳಿಗೆ ಗಾಡಿಯ ಅಂಚು ಸೊಂಟಕ್ಕೆ ಬಡಿದಿತ್ತು. ಇದನ್ನು ಕಣ್ಣಾರೆ ಕಂಡವನು ಚಹಾದಂಗಡಿಯ ಹುಡುಗ. ಅವನು ಹೇಳಿದ ಆ ವಿವರವೇ ಮುಂದೆ ಡಾಕ್ಟರಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು.

ಹೆಣ್ಣು ಬೆಕ್ಕು. ವರ್ಷ ತುಂಬಿರಲಿಕ್ಕಿಲ್ಲ. ಸಿಪ್ಪೆ ತೆಗೆಯದ ತೊಗರಿ ಕಾಳಿನ ಬಣ್ಣ, ಹೊಟ್ಟೆ ಮಾತ್ರ ಬಿಳಿ. ಕೊರಳಿಗೆ ಯಾರೋ ದೃಷ್ಟಿ ತಾಗದಿರಲೆಂದು ಕರಿ ದಾರ ಕಟ್ಟಿದ್ದರು. ಅಂದರೆ ಒಂದು ಕಾಲಕ್ಕೆ ಯಾರದೋ ಮನೆಯಲ್ಲಿ ಬೆಳೆದದ್ದು. ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಸುಗ್ಗಿ ಮುಗಿದ ಮೇಲೆ ಮನೆಗೆ ಬೀಗ ಹಾಕಿ ಬೆಂಗಳೂರು, ಪುಣೆ, ಮುಂಬೈ ಅಂತ ಗುಳೆ ಹೋಗುವವರು ಬಹಳ. ಕೋಳಿ, ಕುರಿಯನ್ನು ಯಾರಿಗಾದರೂ ಒಪ್ಪಿಸಿ ಹೋಗುತ್ತಾರೆ. ಬೆಕ್ಕನ್ನು ಯಾರಿಗೂ ಒಪ್ಪಿಸುವ ಪದ್ಧತಿ ಇಲ್ಲ, ಅದು ಹೇಗೋ ಬದುಕಿಕೊಳ್ಳುತ್ತದೆ ಎಂಬ ನಂಬಿಕೆ. ಅಂಥ ಮನೆಯ ಬೆಕ್ಕೇ ಇರಬೇಕೆಂದು ನನ್ನ ಊಹೆ. ಓಣಿಯಲ್ಲೆಲ್ಲ ವಿಚಾರಿಸಿದೆವು. ನಮ್ಮದು ಎಂದು ಯಾರೂ ಬರಲಿಲ್ಲ.

ನಮ್ಮ ಮನೆಯವರದು ಬೀಜ, ಗೊಬ್ಬರದ ಅಂಗಡಿ. ಅವರಿಗೆ ಫೋನ್ ಮಾಡಿ ಚೀಲ ತರಿಸಿದೆ. ಸೊಂಟ ಅಲುಗಾಡದ ಹಾಗೆ ಚೀಲದ ಸಮೇತ ಎತ್ತುವಾಗ ಬೆಕ್ಕು ನನ್ನ ಹೆಬ್ಬೆರಳಿನ ಬುಡಕ್ಕೆ ಹಲ್ಲು ಇಳಿಸಿತು. ಅಷ್ಟು ನೋವಿನಲ್ಲಿರುವ ಜೀವ ಕಚ್ಚದೆ ಇನ್ನೇನು ಮಾಡೀತು! ನಲ್ಲಿಯ ಕೆಳಗೆ ಕೈ ಹಿಡಿದು ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದುಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆ. ಗಾಯದಲ್ಲಿ ರಕ್ತ ಬಂದಿದ್ದರಿಂದ ಲಸಿಕೆಯ ಜೊತೆಗೆ ಗಾಯದ ಸುತ್ತ ಸೀರಂ ಕೂಡ ಕೊಟ್ಟರು. ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ ತೋಳಿನ ಚರ್ಮಕ್ಕೆ ಸೂಜಿ. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಹಿರಿಯರೊಬ್ಬರು, "ನಾಯಿ ಕಡದ್ರ ಸರಿ, ಬೆಕ್ಕು ಕಡದದ್ದಕ್ಕೂ ಸೂಜಿ ಬೇಕೇನ್ರಿ ಟೀಚರ್?" ಎಂದು ಕೇಳಿದರು. ಬೇಕು. ಬೆಕ್ಕಿನ ಕಡಿತದಿಂದಲೂ ರೇಬಿಸ್ ಬರುತ್ತದೆ, ಬಂದ ಮೇಲೆ ಉಳಿಸುವ ಮದ್ದಿಲ್ಲ. ಈ ಒಂದು ಮಾತನ್ನು ನಾನು ತರಗತಿಯಲ್ಲೂ ಹೇಳುತ್ತಿರುತ್ತೇನೆ.

ನಮ್ಮ ಕಡೆ ಪಶುವೈದ್ಯರೆಂದರೆ ಎತ್ತು, ಎಮ್ಮೆ, ಕುರಿ, ಮೇಕೆಯ ಡಾಕ್ಟರು. ಬೆಕ್ಕು ಹೊತ್ತು ತರುವವರು ಅಪರೂಪ. ಆದರೂ ನಾವು ಕಂಡ ಡಾಕ್ಟರು ಬೀದರಿನಲ್ಲಿ ಓದಿದವರು, ಸಮಾಧಾನದ ಮನುಷ್ಯ. ಟೇಬಲ್ಲಿನ ಮೇಲೆ ಚೀಲ ಬಿಡಿಸಿ, ಮೊದಲು ಬೆಕ್ಕಿನ ವಸಡಿನ ಬಣ್ಣ ನೋಡಿದರು, ಉಸಿರು ಎಣಿಸಿದರು. ಆಮೇಲೆ ಚಿಮುಟ ತೆಗೆದುಕೊಂಡು ಹಿಂಗಾಲಿನ ಬೆರಳನ್ನು ಒತ್ತಿ ಹಿಡಿದರು. ಕಾಲು ಹಿಂದಕ್ಕೆ ಸರಿಯಿತು. ನನಗೆ ಖುಷಿಯಾಯಿತು. "ಕಾಲು ಜಗ್ಗಿದ್ದು ಲೆಕ್ಕಕ್ಕಿಲ್ರಿ ಮೇಡಂ, ಬೆನ್ನುಹುರಿ ಪೂರಾ ಹರಿದಿದ್ರೂ ಕಾಲು ಜಗ್ತದ. ಮುಖ ನೋಡ್ರಿ," ಎಂದರು. ಇನ್ನಷ್ಟು ಬಿಗಿಯಾಗಿ ಒತ್ತಿದರು. ಆಗ ಅದು ತಲೆ ತಿರುಗಿಸಿ ತನ್ನ ಕಾಲಿನ ಕಡೆ ನೋಡಿ, ಕಿವಿ ಹಿಂದಕ್ಕೆ ಮಡಚಿ ಬುಸ್ಸೆಂದಿತು. ನೋವು ಮಿದುಳಿನ ತನಕ ಮುಟ್ಟಿದೆ, ದಾರಿ ತೆರೆದಿದೆ ಎಂದು ಅದರ ಅರ್ಥ. ಇನ್ನೊಂದು ಕಾಲಿಗೂ ಹಾಗೇ ಆಯಿತು. ಬಾಲಕ್ಕೆ ಮಾತ್ರ ಏನೂ ಆಗಲಿಲ್ಲ. ಚಿಮುಟ ಬಾಲದ ತುದಿಯಿಂದ ಬುಡದವರೆಗೆ ಬಂದರೂ ಬೆಕ್ಕು ಬೇರೆಲ್ಲೋ ನೋಡುತ್ತಿತ್ತು.

ಬಾಲ ಸಿಕ್ಕಿಕೊಂಡು ಮೈ ಮುಂದಕ್ಕೆ ಎಳೆದಾಗ ಬಾಲದ ಬುಡದ ನರಗಳು ಜಗ್ಗಿ ಹೋಗುತ್ತವೆ. ಅದೇ ಜಾಗದಿಂದ ಹೊರಡುವ ನರಗಳೇ ಮೂತ್ರಕೋಶವನ್ನೂ ಗುದವನ್ನೂ ನಡೆಸುತ್ತವೆ. ಚಹಾದಂಗಡಿಯ ಹುಡುಗ ಹೇಳಿದ್ದನ್ನು ನಾನು ಹೇಳಿದೊಡನೆ ಡಾಕ್ಟರ ಕೈ ಬೆಕ್ಕಿನ ಕಿಬ್ಬೊಟ್ಟೆಗೆ ಹೋಯಿತು. ಮೂತ್ರಕೋಶ ತುಂಬಿ ಗಟ್ಟಿಯಾಗಿತ್ತು. ಅದು ತಾನಾಗಿ ಉಚ್ಚೆ ಹೊಯ್ಯಲಾರದು, ದಿನಕ್ಕೆ ಮೂರು ನಾಲ್ಕು ಸಲ ನಾವೇ ಒತ್ತಿ ತೆಗೆಯಬೇಕು, ತೆಗೆಯದಿದ್ದರೆ ವಿಷವೇರಿ ಸಾಯುತ್ತದೆ. ನರಗಳು ಚೇತರಿಸಿಕೊಳ್ಳುವುದಿದ್ದರೆ ಸಾಮಾನ್ಯವಾಗಿ ತಿಂಗಳೊಳಗೆ ಗೊತ್ತಾಗುತ್ತದೆ, ಅಲ್ಲಿಯವರೆಗೆ ಈ ಕೆಲಸ ತಪ್ಪಿಸುವ ಹಾಗಿಲ್ಲ ಎಂದರು.

ಎಕ್ಸ್‌ರೇಗೆ ಯಾದಗಿರಿಗೆ ಹೋದೆವು. ಭೀಮಾ ಸೇತುವೆ ದಾಟುವಾಗ ಬಸ್ಸಿನ ಕುಲುಕಿಗೆ ಬುಟ್ಟಿಯೊಳಗಿಂದ ಬಂದ ಆ ಕೂಗು ಈಗಲೂ ಕಿವಿಯಲ್ಲಿದೆ. ಮನುಷ್ಯರ ಎಕ್ಸ್‌ರೇ ತೆಗೆಯುವ ಜಾಗ ಅದು. ನಮ್ಮ ಡಾಕ್ಟರು ಚೀಟಿ ಬರೆದು ಕೊಟ್ಟಿದ್ದರು. ರೋಗಿಗಳೆಲ್ಲ ಹೋದ ಮೇಲೆ, ಬಾಗಿಲು ಅರ್ಧ ಮುಚ್ಚಿ, ಅಲ್ಲಿಯವರು ತೆಗೆದುಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಸೊಂಟದ ಎಲುಬು ಎರಡು ಕಡೆ ಮುರಿದಿತ್ತು, ಆದರೆ ತೊಡೆಯ ಎಲುಬು ಕೂರುವ ಕೀಲು ಗಟ್ಟಿಯಾಗಿತ್ತು. ಕೀಲು ಒಡೆದಿದ್ದರೆ ಶಸ್ತ್ರಚಿಕಿತ್ಸೆಯೇ ಗತಿ. ಇಲ್ಲದಿದ್ದರೆ ಸುತ್ತಲಿನ ಮಾಂಸಖಂಡಗಳೇ ಎಲುಬನ್ನು ಹಿಡಿದಿರುತ್ತವೆ. ನಾಲ್ಕರಿಂದ ಆರು ವಾರ ಬೆಕ್ಕು ಜಿಗಿಯದೆ, ಓಡದೆ ಬಿದ್ದಿದ್ದರೆ ಕೂಡಿಕೊಳ್ಳುತ್ತದೆ.

ಆ ಚಿತ್ರ ನೋಡಿದ ಇನ್ನೊಬ್ಬ ವೈದ್ಯರು ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡುವುದೇ ದಯೆ ಎಂದು ಹೇಳಿದರು. ಅವರು ಕಟುಕರಲ್ಲ. ಎಷ್ಟೋ ಸಲ ಆ ಮಾತು ಖರೆಯೇ ಇರುತ್ತದೆ, ನೋವು ಮುಗಿಯುವ ದಾರಿಯೇ ಇಲ್ಲದಾಗ ಅದನ್ನು ಒಪ್ಪಲೇಬೇಕು. ಆದರೆ ತಲೆ ತಿರುಗಿಸಿ ತನ್ನ ಕಾಲನ್ನು ನೋಡಿಕೊಂಡಿದ್ದ ಜೀವಕ್ಕೆ ಒಂದು ತಿಂಗಳ ಅವಕಾಶ ಕೊಡದೆ ಆ ತೀರ್ಮಾನ ತೆಗೆದುಕೊಳ್ಳಲು ನನ್ನ ಮನಸ್ಸು ಒಪ್ಪಲಿಲ್ಲ.

ಪಕ್ಕದ ಮನೆಯ ಆಪಾ ತಮ್ಮ ಕೋಳಿ ಪಂಜರ ಕೊಟ್ಟರು. ಪಡಸಾಲೆಯ ಮೂಲೆಯಲ್ಲಿ, ಶಹಾಬಾದ್ ಕಲ್ಲಿನ ನೆಲದ ಮೇಲೆ ಅದನ್ನಿಟ್ಟು, ಒಳಗೆ ಹಳೇ ಕೌದಿ ಹಾಸಿದೆವು. ತೊಗರಿ ಎಂದು ಹೆಸರಿಟ್ಟವನು ನನ್ನ ಮಗ. ಐದನೇ ಇಯತ್ತೆಯ ಹುಡುಗ, ಮುಟ್ಟಬೇಡ ಅಂದರೆ ಪಂಜರದ ಮುಂದೆ ಕುಳಿತು ಪಾಠ ಓದುತ್ತಿದ್ದ.

ಉಚ್ಚೆ ತೆಗೆಯುವ ಕೆಲಸದ ಬಗ್ಗೆ ಬಿಡಿಸಿ ಬರೆಯಬೇಕು, ಏಕೆಂದರೆ ತೊಗರಿ ಬದುಕಿದ್ದು ಅದರಿಂದ. ಬೆಕ್ಕನ್ನು ಟವೆಲ್ಲಿನ ಮೇಲೆ ಒಂದು ಮಗ್ಗುಲಾಗಿ ಮಲಗಿಸಬೇಕು. ಒಂದು ಕೈ ಎದೆಯ ಕೆಳಗೆ. ಇನ್ನೊಂದು ಕೈಯ ಹೆಬ್ಬೆರಳು ಹೊಟ್ಟೆಯ ಈ ಬದಿ, ಉಳಿದ ಬೆರಳು ಆ ಬದಿ. ಹಿಂಗಾಲಿನ ಮುಂದೆ ನಿಧಾನವಾಗಿ ತಡವಿದರೆ ಚರ್ಮದ ಕೆಳಗೆ ನಿಂಬೆಹಣ್ಣಿನ ಹಾಗೆ ದುಂಡಗೆ ಒಂದು ಗಂಟು ಕೈಗೆ ಸಿಗುತ್ತದೆ. ಅದು ಜಾರುತ್ತದೆ. ಜಾರದಂತೆ ಹಿಡಿದು, ಬಾಲದ ಕಡೆಗೆ ಸಮನಾಗಿ, ಬಿಡದೆ ಒತ್ತಬೇಕು. ಗಬಕ್ಕನೆ ಒತ್ತಿದರೆ ಒಡೆದುಹೋಗುವ ಭಯ. ಮೆಲ್ಲಗೆ ಒತ್ತಿದರೆ ಏನೂ ಬರುವುದಿಲ್ಲ. ಡಾಕ್ಟರು ನನ್ನ ಬೆರಳ ಮೇಲೆ ತಮ್ಮ ಬೆರಳಿಟ್ಟು ಕಲಿಸಿದ್ದರು. ಅಲ್ಲಿ ಬಂತು. ಮನೆಗೆ ಬಂದ ರಾತ್ರಿ ಬರಲಿಲ್ಲ. ಕರೆಂಟ್ ಹೋಗಿತ್ತು, ಮೊಬೈಲ್ ಟಾರ್ಚು ಹಿಡಿದು ಮನೆಯವರು ನಿಂತಿದ್ದರು. ನನ್ನ ಬೆರಳು ನಡುಗುತ್ತಿದ್ದವು, ಬೆಕ್ಕು ಅರಚುತ್ತಿತ್ತು, ಗಂಟು ಕೈಗೆ ಸಿಕ್ಕು ಸಿಕ್ಕು ತಪ್ಪಿಸಿಕೊಳ್ಳುತ್ತಿತ್ತು.

ಅಲ್ಲಿಯ ತನಕ ನಮ್ಮ ಅತ್ತೆ ಈ ವಿಷಯದಲ್ಲಿ ಮಾತೇ ಆಡಿರಲಿಲ್ಲ. ಬೆಕ್ಕು ಮನೆಯೊಳಗೆ ಬಂದದ್ದು ಅವರಿಗೆ ಇಷ್ಟವಿರಲಿಲ್ಲ. ಕೋಣೆಯಿಂದ ಎದ್ದು ಬಂದರು. "ನೀ ಸರಿ ಅತ್ಲಾಗ. ಎಮ್ಮಿ ಕೆಚ್ಚಲಾ ಹಿಂಡಿದ ಕೈ ಇದು," ಎಂದು ನನ್ನನ್ನು ಸರಿಸಿ ಕುಳಿತರು. ವಡಗೇರಾ ಕಡೆಯ ಹಳ್ಳಿಯಲ್ಲಿ ನಲವತ್ತು ವರ್ಷ ಎಮ್ಮೆ ಕಟ್ಟಿದವರು, ಕರು ಅಡ್ಡ ತಿರುಗಿದಾಗ ಕೈ ಹಾಕಿ ಈಯಿಸಿದವರು. ಕಣ್ಣು ಮುಚ್ಚಿಕೊಂಡರು. ಎರಡು ಬೆರಳು ಹೊಟ್ಟೆಯ ಮೇಲೆ ಮೆಲ್ಲಗೆ ನಡೆದವು, ಒಂದು ಕಡೆ ನಿಂತವು. ಟವೆಲ್ಲು ಒದ್ದೆಯಾಗತೊಡಗಿತು. ಪೂರ್ತಿ ಬರಿದಾಗುವವರೆಗೂ ಅವರು ಕೈ ಬಿಡಲಿಲ್ಲ. ತೊಗರಿ ಅರಚುವುದು ನಿಂತು ಉದ್ದಕ್ಕೆ ಉಸಿರು ಬಿಟ್ಟಿತು. "ಬಣ್ಣ ನೋಡಿಟ್ಕೋ," ಎಂದರು ಅತ್ತೆ, "ನಾಳಿಗಿ ಡಾಕ್ಟರ್ ಕೇಳ್ತಾನ." ಮರುದಿನ ಡಾಕ್ಟರು ಮೊದಲು ಕೇಳಿದ್ದು ಅದನ್ನೇ.

ಅಂದಿನಿಂದ ನಾನು ಶಾಲೆಗೆ ಹೋದ ಹೊತ್ತಿನಲ್ಲೂ ತೊಗರಿಯ ಹೊಣೆ ಅವರದಾಯಿತು. ಈ ಕೆಲಸದಲ್ಲಿ ನಾನು ಎಂದೂ ಅವರ ಸಮಕ್ಕೆ ಬರಲಿಲ್ಲ.

ಊಟದ್ದು ಬೇರೆಯೇ ಕಷ್ಟ. ನೋವಿರುವ ಬೆಕ್ಕು ಬಾಯಿ ಕಟ್ಟುತ್ತದೆ. ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬು ಕರಗಿ ಯಕೃತ್ತಿನಲ್ಲಿ ತುಂಬಿಕೊಂಡು ಅದೇ ಜೀವಕ್ಕೆ ಎರವಾಗುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಹಾಲು, ಅನ್ನ ಕಲಸಿ ಇಟ್ಟರೆ ಆಯಿತು ಎಂಬುದು ನಮ್ಮೆಲ್ಲರ ಮನೆಗಳ ರೂಢಿ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಅದಕ್ಕಿಂತ ದೊಡ್ಡ ಮಾತು, ಟಾರಿನ್ ಎಂಬ ಒಂದು ಅಂಶ ಬೆಕ್ಕಿಗೆ ಆಹಾರದಿಂದಲೇ ಸಿಗಬೇಕು, ಅದು ಇರುವುದು ಮಾಂಸ, ಮೀನಿನಲ್ಲಿ. ಅನ್ನ, ರೊಟ್ಟಿ, ಹಾಲಿನ ಮೇಲೇ ಬೆಳೆದರೆ ಬರಬರುತ್ತಾ ಕಣ್ಣು ಮಂಕಾಗುತ್ತದೆ, ಹೃದಯ ಸೋಲುತ್ತದೆ. ನಮ್ಮದು ಲಿಂಗವಂತರ ಮನೆ. ತತ್ತಿ ಸಹ ಹೊಸ್ತಿಲು ದಾಟಿದ್ದಿಲ್ಲ.

ಅತ್ತೆಯ ಜೊತೆ ನಾನು ವಾದ ಮಾಡಲಿಲ್ಲ. ಡಾಕ್ಟರು ಹೇಳಿದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಇಡೀ ಮಧ್ಯಾಹ್ನ ಸುಮ್ಮನಿದ್ದರು. ಸಂಜೆ, "ಅಡಗಿಮನಿಗಿ ತರಬ್ಯಾಡ. ಹಿತ್ತಲದಾಗ ಬ್ಯಾರೆ ಭಾಂಡೆ ಇಡು. ಅದರ ಹುಟ್ಟಿದ ಊಟ ಅದಕ್ಕ ಹಾಕಬೇಕಲ್ಲ," ಎಂದರು. ಆಪಾ ತಮ್ಮ ಮನೆಯಲ್ಲಿ ಉಪ್ಪು, ಖಾರ, ಉಳ್ಳಾಗಡ್ಡಿ ಏನೂ ಹಾಕದೆ ಕೋಳಿ ಬೇಯಿಸಿ, ಅರೆದು, ಬಿಸಿಯಿರುವಾಗಲೇ ಗೋಡೆಯ ಮೇಲಿನಿಂದ ಕೊಡುತ್ತಿದ್ದರು. ಉಳ್ಳಾಗಡ್ಡಿ, ಬಳ್ಳೊಳ್ಳಿ ಬೆಕ್ಕಿನ ರಕ್ತ ಕೆಡಿಸುತ್ತವೆ, ಅದಕ್ಕೆ ಆ ಪಥ್ಯ. ಬಿಸಿಯ ವಾಸನೆಗೆ ತೊಗರಿ ಮೂಗು ಆಡಿಸಿತು. ಸೂಜಿ ತೆಗೆದ ಸಿರಿಂಜಿನಿಂದ ಬಾಯಿಯ ಪಕ್ಕಕ್ಕೆ ತೊಟ್ಟು ತೊಟ್ಟಾಗಿ ಹಾಕಿದೆ. ಎರಡನೇ ದಿನ ಸಿರಿಂಜನ್ನೇ ಕಚ್ಚಿ ಹಿಡಿಯಿತು, ಮೂರನೇ ದಿನ ತಟ್ಟೆ ನೆಕ್ಕಿತು.

ಪೆಟ್ಟು ಬಿದ್ದಾಗ ತೊಡೆಗೂ ಗಾಯವಾಗಿತ್ತು. ಅದಕ್ಕೆ ನೊಣ ಕೂರತೊಡಗಿದಾಗ ಟರ್ಪೆಂಟೈನ್ ಹಾಕಿ ಎಂದವರಿದ್ದರು, ಎತ್ತಿನ ಗಾಯದಲ್ಲಿ ಹುಳ ಬಿದ್ದರೆ ಹಾಕುವುದು ಅದನ್ನೇ. ಬೆಕ್ಕು ತನ್ನ ಮೈ ನೆಕ್ಕುತ್ತದೆ. ಟರ್ಪೆಂಟೈನ್, ಫಿನಾಯಿಲ್ ಅದಕ್ಕೆ ವಿಷ. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಚಮಚ ಉಪ್ಪು, ಅಷ್ಟರಲ್ಲೇ ತೊಳೆದೆವು. ನೋವಿಗೆ ಅರ್ಧ ಜ್ವರದ ಮಾತ್ರೆ ಪುಡಿ ಮಾಡಿ ಹಾಕಿ ಎಂದವರೂ ಇದ್ದರು, ಅದೂ ಪ್ರೀತಿಯಿಂದಲೇ. ನಮ್ಮೆಲ್ಲರ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಸಾಲದು. ರಕ್ತ ಉಸಿರನ್ನು ಹೊರಲಾರದೆ ವಸಡು ಕಂದುಬಣ್ಣಕ್ಕೆ ತಿರುಗಿ ಸಾಯುತ್ತದೆ, ಅದಕ್ಕೆ ಒಂದೇ ಮಾತ್ರೆ ಸಾಕು. ಬೆಕ್ಕಿನ ನೋವಿಗೆ ಬೇರೆ ಔಷಧವಿದೆ, ಅದನ್ನು ತೂಕ ನೋಡಿ ಹನಿ ಲೆಕ್ಕದಲ್ಲಿ ಪಶುವೈದ್ಯರೇ ಕೊಡಬೇಕು.

ಬಿಸಿಲು ದಿನದಿನಕ್ಕೆ ಏರಿತು. ನಮ್ಮಲ್ಲಿ ಏಪ್ರಿಲ್ ಬರುವ ಹೊತ್ತಿಗೆ 40 ಡಿಗ್ರಿ ದಾಟುವುದು ಹೊಸದಲ್ಲ. ಶಹಾಪುರದ ಬುದ್ಧ ಮಲಗಿದ ಬೆಟ್ಟದ ಬಂಡೆಗಳು ಹಗಲೆಲ್ಲ ಕಾದು ರಾತ್ರಿ ಹತ್ತಾದರೂ ಝಳ ಬಿಡುತ್ತವೆ. ಬೆಕ್ಕು ನಾಯಿಯ ಹಾಗೆ ಬಾಯಿ ತೆರೆದು ತೇಕತೊಡಗಿದರೆ ಅಪಾಯ ಹತ್ತಿರ ಎಂದರ್ಥ. ಗೋಣಿತಟ್ಟು ನೆನೆಸಿ ಪಂಜರದ ಮೂರು ಬದಿಗೆ ಕಟ್ಟುತ್ತಿದ್ದೆವು. ಅದು ಒಣಗುವುದಕ್ಕೆ ಅರ್ಧ ತಾಸು ಸಾಕಾಗುತ್ತಿತ್ತು. ಕರೆಂಟ್ ಹೋದಾಗ ಮಗ ರಟ್ಟಿನಿಂದ ಗಾಳಿ ಹಾಕುತ್ತಾ ಅಲ್ಲೇ ನಿದ್ದೆ ಹೋಗುತ್ತಿದ್ದ.

ಮಂದಿ ಮಾತಾಡಿದರು. "ಮನಷ್ಯಾರಿಗೇ ಛೊಲೊ ದವಾಖಾನಿ ಇಲ್ಲ, ಬೆಕ್ಕಿಗಿ ಎಕ್ಸರೇ ಅಂತ." ಈ ಮಾತಿಗೆ ನನಗೆ ಸಿಟ್ಟು ಬರಲಿಲ್ಲ. ನಮ್ಮ ಜಿಲ್ಲೆಯ ಬಡತನವನ್ನು ನಾನು ದಿನವೂ ತರಗತಿಯಲ್ಲಿ ನೋಡುತ್ತೇನೆ. ಗುಳೆ ಹೋದ ಮಕ್ಕಳ ಹೆಸರು ಹಾಜರಿಯಲ್ಲಿ ಇರುತ್ತದೆ, ಬೆಂಚು ಖಾಲಿ ಇರುತ್ತದೆ. ಆದರೆ ಬೆಕ್ಕಿಗೆ ಹಾಕಿದ ಕೋಳಿಯ ಚೂರನ್ನು ನಾವು ಯಾವ ಮಗುವಿನ ಬಾಯಿಂದಲೂ ಕಿತ್ತುಕೊಂಡಿರಲಿಲ್ಲ. ಹಾಗೆ ಮಾತಾಡಿದವರಲ್ಲಿ ಒಬ್ಬರು ತಿಂಗಳ ಮೇಲೆ ತಮ್ಮ ಕಾಲು ಮುರಿದ ಮೇಕೆ ಮರಿಯನ್ನು ತೆಗೆದುಕೊಂಡು ಬಂದು, "ಟೀಚರ್, ನಿಮ್ಮ ಡಾಕ್ಟರ್ ನಂಬರ್ ಕೊಡ್ರಿ," ಎಂದರು.

ಕಷ್ಟದ ದಿನಗಳೆಂದರೆ ಎರಡನೇ ವಾರ ಮುಗಿದ ಮೇಲಿನವು. ತೊಗರಿ ಕಾಲು ಊರಲು ಶುರುಮಾಡಿದ್ದಳು, ಗಾಯ ಒಣಗಿತ್ತು, ಹೊಟ್ಟೆ ತುಂಬ ತಿನ್ನುತ್ತಿದ್ದಳು. ಆದರೆ ಮೂತ್ರಕೋಶ ಮಾತ್ರ ಕೇಳಲಿಲ್ಲ. ಒಮ್ಮೆ ಉಚ್ಚೆ ಕಟುವಾಸನೆ ಬಂದು ಮಂಜಾಯಿತು, ಸೋಂಕಾಗಿತ್ತು. ಜ್ವರ 104ಕ್ಕೆ ಹೋಯಿತು. ಬೆಕ್ಕಿಗೆ ಸಹಜವಾದ ಮೈಬಿಸಿಯೇ ನಮಗಿಂತ ಹೆಚ್ಚು, 102ರ ಆಸುಪಾಸು. 104 ಎಂದರೆ ಬಿಡುವಂಥದ್ದಲ್ಲ. ಆ ರಾತ್ರಿ ಮನೆಯವರು, "ನಾವು ಅದಕ್ಕ ತ್ರಾಸ ಕೊಡ್ಲಿಕತ್ತೀವೇನ?" ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ಅತ್ತೆ ಆ ರಾತ್ರಿಯೂ ತಮ್ಮ ಹೊತ್ತಿಗೆ ಎದ್ದು, ತಮ್ಮ ಕೆಲಸ ಮಾಡಿ, ಕೈ ತೊಳೆದುಕೊಂಡು ಮಲಗಿದರು.

ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆದಿತ್ತು. ಕೊಠಡಿಗೆ ಫೋನ್ ಒಯ್ಯುವಂತಿಲ್ಲ. ಉತ್ತರ ಪತ್ರಿಕೆ ಒಪ್ಪಿಸಿ ಹೊರಬಂದು ಫೋನ್ ಹಚ್ಚಿದರೆ ಮನೆಯಿಂದ ಸಾಲುಗಟ್ಟಿ ಕರೆ ಬಂದಿದ್ದವು. ಕೈಕಾಲು ತಣ್ಣಗಾದವು. ತಿರುಗಿ ಮಾಡಿದೆ. ಅತ್ತೆ ಫೋನಿನಲ್ಲಿ ಎಂದೂ ಜೋರಾಗಿ ಮಾತಾಡುವವರಲ್ಲ, ಅಂದು ಕೂಗಿಯೇ ಹೇಳಿದರು. "ತೊಗರಿ ತಾನೇ ಉಚ್ಚಿ ಹೊಯ್ದಾಳ! ಉಸುಕಿನ ಡಬ್ಬಿಯಾಗ! ಕಾಲು ಕೆದರಿ ಮುಚ್ಯಾಳ!" ಸುರಪುರದ ಆ ಶಾಲೆಯ ಜಗಲಿಯ ಮೇಲೆ ಕುಳಿತು ನಾನು ಅತ್ತುಬಿಟ್ಟೆ. ಏನಾಯಿತೆಂದು ಕೇಳಿದ ಸಹೋದ್ಯೋಗಿಗಳಿಗೆ ಬೆಕ್ಕು ಉಚ್ಚೆ ಹೊಯ್ಯಿತು ಎಂದು ಹೇಳಿದೆ. ಅವರು ಪಾಪ, ಆ ತಿಂಗಳಿಡೀ ತೊಗರಿಯ ಸುದ್ದಿ ಕೇಳಿದ್ದವರು, ಯಾರೂ ನಗಲಿಲ್ಲ. ಒಬ್ಬರು ಪೇಡೆ ತರಿಸಿದರು.

ಆಮೇಲಿನದು ಬೇಗ ಆಯಿತು. ಪಂಜರದಿಂದ ಹೊರಬಿಟ್ಟಾಗ ಗೋಡೆ ಹಿಡಿದು, ಹಿಂಭಾಗ ಓಲಾಡಿಸುತ್ತ ನಡೆದಳು. ಈಗಲೂ ಎಡಗಾಲು ಸ್ವಲ್ಪ ಹೊರಕ್ಕೆ ಬೀಳುತ್ತದೆ. ಸ್ಪರ್ಶವಿಲ್ಲದ ಬಾಲ ನೆಲಕ್ಕೆ ಎಳೆದಾಡಿ ಹೊಲಸಾಗುತ್ತಿತ್ತು, ಹುಣ್ಣಾಗುವ ಮೊದಲೇ ತೆಗೆಯಬೇಕಾಯಿತು. ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯನ್ನೂ ಕಲಬುರಗಿಯಲ್ಲಿ ಅದೇ ವೇಳೆಗೆ ಮಾಡಿಸಿದೆವು. ಇದು ತೊಗರಿಯ ಮಟ್ಟಿಗೆ ಜೀವದ ಪ್ರಶ್ನೆ: ಮುರಿದು ಕೂಡಿದ ಸೊಂಟದೊಳಗಿನ ದಾರಿ ಕಿರಿದಾಗಿರುತ್ತದೆ, ಬಸಿರಾದರೆ ಮರಿ ಹೊರಬರಲಾರದೆ ತಾಯಿ ಸಾಯಬಹುದು. ಅದೇ ಕಾರಣಕ್ಕೆ ಮಲಬದ್ಧತೆಯ ಕಾಟವೂ ಆಗಾಗ ಬರುತ್ತದೆ, ಊಟಕ್ಕೆ ಬೇಯಿಸಿದ ಕುಂಬಳಕಾಯಿ ಬೆರೆಸುತ್ತೇವೆ.

ಮನೆ ಅವಳಿಗೆ ತಕ್ಕಂತೆ ಬದಲಾಗಿದೆ. ಕಿಟಕಿಯ ತನಕ ಇಟ್ಟಿಗೆಯ ಮೆಟ್ಟಿಲಿವೆ, ಉಸುಕಿನ ಡಬ್ಬಿಯ ಒಂದು ಅಂಚನ್ನು ಕತ್ತರಿಸಿ ತಗ್ಗಿಸಿದ್ದೇವೆ. ತೊಡೆಯೇರಿ ಕೂರುವ ಬೆಕ್ಕಲ್ಲ ಅವಳು. ಎತ್ತಿಕೊಂಡರೆ ಈಗಲೂ ಮೈ ಬಿಗಿ ಮಾಡುತ್ತಾಳೆ, ಟಂಟಂ ಸದ್ದಿಗೆ ಕಪಾಟಿನ ಹಿಂದೆ ಸೇರುತ್ತಾಳೆ. ಅದನ್ನು ಬಿಡಿಸಲು ನಾವು ಹೋಗಿಲ್ಲ. ಅತ್ತೆ ಬೆಳಿಗ್ಗೆ ಲಿಂಗಪೂಜೆಗೆ ಕುಳಿತಾಗ ಮಾತ್ರ ಅವರ ಸೆರಗಿನ ಅಂಚಿಗೆ ಬೆನ್ನು ತಾಗಿಸಿ ಕೂರುತ್ತಾಳೆ. ಆ ವೇಳೆಗೆ ಅವಳನ್ನು ಯಾರೂ ಕರೆಯಬಾರದು ಎಂದು ಅತ್ತೆಯ ಕಟ್ಟಪ್ಪಣೆ.

ಬೇಸಿಗೆಯಲ್ಲಿ ನಮ್ಮ ಊರುಗಳ ಓಣಿಗಳಲ್ಲಿ ಬೆಕ್ಕಿನ ಮರಿಗಳು ತುಂಬಿರುತ್ತವೆ. ಹೆಣ್ಣು ಬೆಕ್ಕು ಆರು ತಿಂಗಳು ತುಂಬುವ ಹೊತ್ತಿಗೆ ಬಸಿರಾಗಬಲ್ಲದು, ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ. ನಿಮ್ಮ ಮನೆಯ ಕಣಜ ಕಾಯುವ ಬೆಕ್ಕಿಗೆ ಆಪರೇಷನ್ ಮಾಡಿಸಿ, ಆಮೇಲೂ ಅದು ಇಲಿ ಹಿಡಿಯುತ್ತದೆ. ಗುಳೆ ಹೊರಟಿದ್ದರೆ ಬೆಕ್ಕನ್ನೂ ಯಾರಿಗಾದರೂ ಒಪ್ಪಿಸಿ ಹೋಗಿ. ರಸ್ತೆಯಲ್ಲಿ ಪೆಟ್ಟು ತಿಂದ ಬೆಕ್ಕು ಕಂಡರೆ ದಪ್ಪ ಟವೆಲ್ಲು ಮುಚ್ಚಿ, ಸೊಂಟ ಅಲುಗದಂತೆ ಹಲಗೆ ಅಥವಾ ಚೀಲದ ಮೇಲೆ ಎತ್ತಿ, ಹೇಗೆ ಪೆಟ್ಟಾಯಿತೆಂದು ಕಂಡವರನ್ನು ಕೇಳಿಕೊಳ್ಳಿ. ಯಾವ ಮಾತ್ರೆಯನ್ನೂ ಕೊಡಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ, ದಾರಿ ತಿಳಿಯದಿದ್ದರೆ ಪಶುಪಾಲನಾ ಇಲಾಖೆಯ 1962ಕ್ಕೆ ಫೋನ್ ಮಾಡಿ ಕೇಳಿ. ಅಲ್ಲಿ ಮರೆಯದೆ ಕೇಳಬೇಕಾದದ್ದು ಒಂದಿದೆ: ಉಚ್ಚೆ ತಾನಾಗಿ ಹೊಯ್ಯುತ್ತದೆಯೇ, ಇಲ್ಲವೇ? ಇಲ್ಲ ಎಂದರೆ ಒತ್ತಿ ತೆಗೆಯುವುದನ್ನು ಅಲ್ಲೇ, ಅವರ ಕೈ ನಿಮ್ಮ ಕೈ ಮೇಲಿರುವಾಗಲೇ ಕಲಿತು ಮನೆಗೆ ಬನ್ನಿ.